ಮನೆ ಸರ್ವರ್

ಮನೆ ಸರ್ವರ್ ಎಂದರೆ ಒಂದು ಕುಟುಂಬದ ಕಡತ, ಛಾಯಾಚಿತ್ರ, ಹಾಡು, ಚಲನಚಿತ್ರಗಳನ್ನು ಒಂದೆಡೆ ಇರಿಸಿಕೊಂಡು, ಮನೆಯ ಫೋನ್, ಟಿವಿ, ಲ್ಯಾಪ್‌ಟಾಪ್‌ಗಳು ಕೇಳಿದಾಗಲೆಲ್ಲ ಒದಗಿಸುತ್ತ ಹಗಲಿರುಳು ಚಾಲನೆಯಲ್ಲಿರುವ ಗಣಕಯಂತ್ರ. ಅದಕ್ಕೆ ಪರದೆಯಾಗಲಿ ಕೀಲಿಮಣೆಯಾಗಲಿ ಬೇಕಿಲ್ಲ. ಸಾಮಾನ್ಯವಾಗಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿ, ಬೇರೊಂದು ಗಣಕದಿಂದ ಜಾಲದ ಮೂಲಕವೇ ಅದನ್ನು ನಿರ್ವಹಿಸಲಾಗುತ್ತದೆ. ಹೀಗೆ ನಿಲ್ಲದೆ ನಡೆಯುವ ಗಣಕವೊಂದು ಸಾಮಾನ್ಯ ಮನೆಯ ಕೈಗೆಟುಕಿದ್ದು ಕಡಿಮೆ ವಿದ್ಯುತ್ತಿನ ಪುಟ್ಟ ಗಣಕಗಳು ಬಂದ ಮೇಲೆ. 2012ರ ಫೆಬ್ರವರಿ 29ರಂದು ಬ್ರಿಟನ್ನಿನಲ್ಲಿ ಬಿಡುಗಡೆಯಾದ ರಾಸ್ಪ್‌ಬೆರಿ ಪೈ ಇವುಗಳಲ್ಲಿ ಪ್ರಸಿದ್ಧ.

ಯಂತ್ರದ ಆಯ್ಕೆಯಲ್ಲಿ ವೇಗಕ್ಕಿಂತ ವಿದ್ಯುತ್ ಬಳಕೆಯೇ ಮುಖ್ಯ. ಸರಾಸರಿ 8 ವ್ಯಾಟ್ ಬಳಸುವ ಪುಟ್ಟ ಗಣಕವು 30 ದಿನಗಳಿಗೆ ಸುಮಾರು 6 ಯೂನಿಟ್, ಅಂದರೆ 6 ಕಿಲೋವ್ಯಾಟ್-ಗಂಟೆ ವಿದ್ಯುತ್ ಬಳಸಿದರೆ, 80 ವ್ಯಾಟ್ ಬಳಸುವ ಹಳೆಯ ಡೆಸ್ಕ್‌ಟಾಪ್‌ಗೆ ಸುಮಾರು 58 ಯೂನಿಟ್ ಬೇಕು. 2023ರಲ್ಲಿ ಜಾರಿಗೆ ಬಂದ ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯು, 200 ಯೂನಿಟ್‌ಗಳ ಗರಿಷ್ಠ ಮಿತಿಗೊಳಪಟ್ಟು, ಮನೆಯ ಹಿಂದಿನ ಸರಾಸರಿ ಬಳಕೆಗೆ ಶೇ. 10ರಷ್ಟು ಸೇರಿಸಿ ಉಚಿತ ವಿದ್ಯುತ್ತನ್ನು ನಿಗದಿಪಡಿಸಿತು. ಹೀಗಾಗಿ 100 ಯೂನಿಟ್ ಸರಾಸರಿಯ ಮನೆಗೆ ದೊರೆಯುವ ಹೆಚ್ಚುವರಿ 10 ಯೂನಿಟ್‌ಗಳಲ್ಲಿ ಮೊದಲನೆಯದು ಅಡಗುತ್ತದೆ, ಎರಡನೆಯದು ಅಡಗುವುದಿಲ್ಲ. ಊರಿನ ಹವೆಯೂ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಉದಾಹರಣೆಗೆ, ಹಾಸನವು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು ಹವೆ ಹಿತವಾಗಿರುವುದರಿಂದ, ಫ್ಯಾನ್ ಇಲ್ಲದೆ ಲೋಹದ ಕವಚದಿಂದಲೇ ತಣಿಯುವ, ಸದ್ದೇ ಇಲ್ಲದ ಯಂತ್ರಗಳು ಅಲ್ಲಿಗೆ ಚೆನ್ನಾಗಿ ಒಗ್ಗುತ್ತವೆ.

ಕರೆಂಟ್ ಹೋಗುವುದು ಬೇರೆಯೇ ತೊಡಕು. ಡಿಸ್ಕಿಗೆ ಬರೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ಕಡತಗಳು ಕೆಡಬಹುದು. ಮುಂಗಾರಿಗೆ ಮುನ್ನ ಬರುವ ಗುಡುಗು ಮಳೆಯಲ್ಲಿ ಸಿಡಿಲಿನ ಏರುವೋಲ್ಟೇಜ್ ವಿದ್ಯುತ್ ತಂತಿಯಿಂದಷ್ಟೇ ಅಲ್ಲದೆ ತಾಮ್ರದ ನೆಟ್‌ವರ್ಕ್ ತಂತಿಯಿಂದಲೂ ಒಳಬರಬಲ್ಲದು. ಆದಕಾರಣ ಸರ್ವರ್‌ಗೂ ರೂಟರ್‌ಗೂ ಸಣ್ಣ ಯುಪಿಎಸ್, ಮನೆಗೆ ಸರಿಯಾದ ಅರ್ಥಿಂಗ್ ಅಗತ್ಯ. ಬ್ಯಾಟರಿ ಸುಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ತನ್ನ ಯುಪಿಎಸ್ಸನ್ನು ತಾನೇ ಹೊತ್ತಿರುವುದರಿಂದ, ಆರಂಭಕ್ಕೆ ಅದಕ್ಕಿಂತ ಅನುಕೂಲವಾದ ಯಂತ್ರವಿಲ್ಲ.

ಮನೆಯೊಳಗಿನ ಬಳಕೆಗೆ ವೈ-ಫೈ ಸಾಕು. ಬೆಂಗಳೂರಿನಲ್ಲಿರುವ ಮಗಳು ಹೊಳೆನರಸೀಪುರದ ಮನೆಯ ಸರ್ವರ್ ತಲುಪಬೇಕಾದರೆ ಮಾತ್ರ ಸಾರ್ವಜನಿಕ ಐಪಿ ವಿಳಾಸದ ಪ್ರಶ್ನೆ ಬರುತ್ತದೆ. ವಿಳಾಸಗಳ ಕೊರತೆಯಿಂದ ಅನೇಕ ಸೇವಾದಾರರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದುಂಟು. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ರೂಟರ್‌ನ ಹೊರವಿಳಾಸ 100.64ರಿಂದ 100.127ರವರೆಗಿನ ಯಾವುದರಿಂದಾದರೂ ಆರಂಭವಾಗಿದ್ದರೆ ಆ ಮನೆ ಸಿಜಿನ್ಯಾಟ್‌ನ ಹಿಂದಿದೆ ಎಂದು ತಿಳಿಯಬಹುದು. ಆಗ ಐಪಿವಿ6 ವಿಳಾಸವನ್ನೋ, ಹೊರಗಿನ ಗಣಕವೊಂದರ ಮೂಲಕ ವೈರ್‌ಗಾರ್ಡ್‌ನಂಥ ಗೂಢಲಿಪಿಯ ಖಾಸಗಿ ಸುರಂಗವನ್ನೋ ಬಳಸಬೇಕಾಗುತ್ತದೆ. ರೂಟರ್‌ನ ಬಾಗಿಲುಗಳನ್ನು ನೇರವಾಗಿ ಲೋಕಕ್ಕೆ ತೆರೆದಿಡುವುದಕ್ಕಿಂತ ಸುರಂಗವೇ ಸುರಕ್ಷಿತ.

ಸಂಗ್ರಹಕ್ಕೆ, ಪದೇ ಪದೇ ಬರೆದರೆ ಸವೆಯುವ ಮೆಮೊರಿ ಕಾರ್ಡಿಗಿಂತ ಎಸ್‌ಎಸ್‌ಡಿ ಲೇಸು. ಛಾಯಾಚಿತ್ರ, ಕಡತಗಳ ಹಂಚಿಕೆಗೆ 2016ರಲ್ಲಿ ಆರಂಭವಾದ ನೆಕ್ಸ್ಟ್‌ಕ್ಲೌಡ್, ಹಾಡು, ಚಲನಚಿತ್ರಗಳಿಗೆ ಜೆಲ್ಲಿಫಿನ್ ಬಳಕೆಯಲ್ಲಿರುವ ಮುಕ್ತ ತಂತ್ರಾಂಶಗಳು. ಕಡತಗಳು ಕಳೆದುಹೋಗದಿರಲು ಪ್ರತಿಗಳೂ ಬೇಕು. ಒಂದೇ ಮನೆಯಲ್ಲಿರುವ ಎರಡು ಪ್ರತಿಗಳನ್ನು ಒಂದೇ ಸಿಡಿಲು ಸುಡಬಲ್ಲದಾದ್ದರಿಂದ ಮೂರನೆಯದು ಬೇರೆ ಊರಿನಲ್ಲಿರಬೇಕು. ಹಾಸನದವರಿಗೆ ಇದು ಕಷ್ಟವಲ್ಲ: ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳು ಹಾಸನದಿಂದ ಸುಮಾರು 30ರಿಂದ 40 ಕಿಲೋಮೀಟರ್ ದೂರದಲ್ಲಿದ್ದು, ನೆಂಟರ ಮನೆಯಲ್ಲಿಟ್ಟ ಡಿಸ್ಕನ್ನು ಬಸ್ಸಿನಲ್ಲಿ ಹೋಗಿ ಬದಲಿಸಿ ಅದೇ ದಿನ ಹಿಂದಿರುಗಬಹುದು.