ತಡವಾಗಿ ಓದಿದ ತಂದೆಯರು: ಸನತ್‌ನಗರದ ಕಾರ್ಮಿಕ ಶಿಕ್ಷಣದ ಹಿನ್ನೋಟ

ಹೈದರಾಬಾದಿನ ವಾಯವ್ಯಕ್ಕಿರುವ ಸನತ್‌ನಗರ ಕಾರ್ಖಾನೆಗಳ ಸುತ್ತ ಬೆಳೆದ ಬಡಾವಣೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ತೆರೆದ ನಿಜಾಮರ ಕಾಲದ ರೈಲುಮಾರ್ಗ ಇಲ್ಲಿಂದಲೇ ಹಾದುಹೋಗುತ್ತದೆ. ಸಂಸ್ಥಾನದ ಇಂಡಸ್ಟ್ರಿಯಲ್ ಟ್ರಸ್ಟ್ ಫಂಡ್ ಮತ್ತು ಆಲ್ವಿನ್ ಕಂಪನಿ ಸೇರಿ 1942ರಲ್ಲಿ ಕಟ್ಟಿದ ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಈ ಭಾಗಕ್ಕೆ ಹೆಸರು ತಂದಿತು. ಬಸ್ಸಿನ ಬಾಡಿ, ರೆಫ್ರಿಜರೇಟರ್, ಮುಂದೆ ಕೈಗಡಿಯಾರ ಇವೆಲ್ಲ ಆಲ್ವಿನ್ ಮುದ್ರೆ ಹೊತ್ತು ಬಂದವು. ಸ್ವಾತಂತ್ರ್ಯಾನಂತರ ಸನತ್‌ನಗರದಲ್ಲಿ ಕೈಗಾರಿಕಾ ಎಸ್ಟೇಟು, ಪಕ್ಕದ ಬಾಲಾನಗರದಲ್ಲಿ ಐಡಿಪಿಎಲ್ ಔಷಧ ಕಾರ್ಖಾನೆ ಬಂದವು. ಸಂಸಾರ ಹೊತ್ತು ಶಿಫ್ಟಿನಲ್ಲಿ ದುಡಿಯುವವರ ದೊಡ್ಡ ಸಮುದಾಯವೇ ಇಲ್ಲಿ ನೆಲೆಸಿತು.

ಈ ಪೀಳಿಗೆಯ ಅನೇಕರ ಓದು ಅರ್ಧಕ್ಕೆ ನಿಲ್ಲಲು ಬಡತನದ ಜೊತೆಗೆ ಭಾಷೆಯೂ ಕಾರಣವಾಗಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಆಗ ಉರ್ದುವಾಗಿತ್ತು. ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ನಿಜಾಮರ ಆಳ್ವಿಕೆಯಲ್ಲಿ ಮನೆಯಲ್ಲಿ ಕನ್ನಡ, ತೆಲುಗು ಅಥವಾ ಮರಾಠಿ ಆಡುವ ಹುಡುಗ ಮೇಲಿನ ತರಗತಿಗೆ ಹೋಗಬೇಕಾದರೆ ಇನ್ನೊಂದು ಭಾಷೆಯನ್ನು ದಾಟಬೇಕಿತ್ತು. ಹೀಗೆ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದವನಿಗೆ ಬಡ್ತಿಯ ಹೊತ್ತಿನಲ್ಲಿ ಸರ್ಟಿಫಿಕೇಟಿನ ಕೊರತೆ ಎದುರಾಗುತ್ತಿತ್ತು. ಅಷ್ಟರಲ್ಲಿ ಅವನು ಮಕ್ಕಳ ತಂದೆಯಾಗಿರುತ್ತಿದ್ದ.

ಮೊದಮೊದಲು ಅವನಿಗಿದ್ದ ದಾರಿಗಳು ಕೆಲವೇ. ಡಿಪ್ಲೊಮಾ ಮುಗಿಸಿದ ತಂತ್ರಜ್ಞರು 1920ರಲ್ಲಿ ಸ್ಥಾಪನೆಯಾದ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ನಡೆಸುವ ಎಎಂಐಇ ಪರೀಕ್ಷೆ ಕಟ್ಟುತ್ತಿದ್ದರು. ಕಾಲೇಜಿನ ಹಾಜರಿ ಬೇಡದ ಈ ಪರೀಕ್ಷೆಯ ‘ಎ’ ಮತ್ತು ‘ಬಿ’ ಸೆಕ್ಷನ್‌ಗಳನ್ನು ಪಾಸು ಮಾಡಿದರೆ ಎಂಜಿನಿಯರಿಂಗ್ ಪದವಿಗೆ ಸಮನಾದ ಮಾನ್ಯತೆ ಸಿಗುತ್ತಿತ್ತು. ಉಸ್ಮಾನಿಯಾದ ಎಂಜಿನಿಯರಿಂಗ್ ಕಾಲೇಜು ಕೆಲಸದಲ್ಲಿರುವ ಡಿಪ್ಲೊಮಾದವರಿಗೆ ಅರೆಕಾಲಿಕ ಬಿ.ಇ. ನಡೆಸಿತು. 1958ರಲ್ಲಿ ಸ್ಥಾಪನೆಯಾದ ಕೇಂದ್ರ ಕಾರ್ಮಿಕ ಶಿಕ್ಷಣ ಮಂಡಳಿ ಸಂಘಟನೆ ಮತ್ತು ಹಕ್ಕುಗಳ ಪಾಠ ಹೇಳಿತಾದರೂ ಪದವಿ ಅದರ ಗುರಿಯಾಗಿರಲಿಲ್ಲ.

ಪಾಠವೇ ಮನೆಗೆ ಬರುವ ಕ್ರಮ ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ತೆರೆದ ಅಂಚೆ ಶಿಕ್ಷಣ ವಿಭಾಗದಿಂದ ಶುರುವಾಯಿತು. ಮೈಸೂರು 1969ರಲ್ಲಿ, ಉಸ್ಮಾನಿಯಾ 1977ರಲ್ಲಿ ಅದೇ ದಾರಿ ಹಿಡಿದವು. ಆದರೆ ಪದವಿಗೆ ಸೇರಲು ಹಿಂದಿನ ಪರೀಕ್ಷೆ ಪಾಸಾಗಿರಬೇಕೆಂಬ ನಿಯಮ ಹಾಗೆಯೇ ಉಳಿಯಿತು. ಅದನ್ನು ಸಡಿಲಿಸಿದ್ದು 1982ರಲ್ಲಿ ಶಾಸನದ ಮೂಲಕ ಹುಟ್ಟಿದ ಆಂಧ್ರಪ್ರದೇಶ ಮುಕ್ತ ವಿಶ್ವವಿದ್ಯಾಲಯ. ಭಾರತದ ಮೊದಲ ಮುಕ್ತ ವಿಶ್ವವಿದ್ಯಾಲಯವಾದ ಇದರ ಮೊದಲ ಕುಲಪತಿ ಪ್ರೊ. ಜಿ. ರಾಮ್ ರೆಡ್ಡಿ. ಶಾಲೆಯ ಸರ್ಟಿಫಿಕೇಟು ಇಲ್ಲದವರೂ ಅರ್ಹತಾ ಪರೀಕ್ಷೆ ಬರೆದು ಪದವಿಗೆ ಸೇರಬಹುದಾಯಿತು. ಮುದ್ರಿತ ಪಾಠ, ಆಕಾಶವಾಣಿಯ ಪ್ರಸಾರ, ಬೇರೆ ಕಾಲೇಜುಗಳ ಕಟ್ಟಡದಲ್ಲಿ ರಜಾದಿನದ ತರಗತಿ ಇವು ಅದರ ಬೋಧನೆಯ ಕ್ರಮ. ವಾರದ ರಜೆ ಮಾತ್ರ ಕೈಯಲ್ಲಿದ್ದ ಕಾರ್ಮಿಕನಿಗೆ ಈ ವ್ಯವಸ್ಥೆ ಒಗ್ಗುವಂಥದ್ದು. ಇದೇ ಅನುಭವ ಹೊತ್ತು ರಾಮ್ ರೆಡ್ಡಿಯವರು 1985ರಲ್ಲಿ ಇಗ್ನೋದ ಸ್ಥಾಪಕ ಕುಲಪತಿಯಾದರು. 1991ರಲ್ಲಿ ಹೈದರಾಬಾದಿನ ವಿಶ್ವವಿದ್ಯಾಲಯಕ್ಕೆ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿಡಲಾಯಿತು. ಮೈಸೂರಿನ ಅಂಚೆ ಶಿಕ್ಷಣ ಸಂಸ್ಥೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಹತ್ತನೆಯ ತರಗತಿಯನ್ನೇ ಮುಗಿಸದವರಿಗೆ 1989ರ ರಾಷ್ಟ್ರೀಯ ಮುಕ್ತ ಶಾಲೆ ಮತ್ತು ರಾಜ್ಯದ ಮುಕ್ತ ಶಾಲೆಗಳು ಗರಿಷ್ಠ ವಯೋಮಿತಿ ಇಲ್ಲದೆ ಪರೀಕ್ಷೆಗೆ ಅವಕಾಶ ಕೊಟ್ಟವು.

ಪ್ರವೇಶ ಹೀಗೆ ಸಡಿಲವಾದಷ್ಟು ಹಣದ ನೆರವು ಸಡಿಲವಾಗಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಗೆ ಮೀಸಲಾದ ಜಾಗ ಪೋಷಕನ ಸಾಲು. ಅಲ್ಲಿ ಅವನ ಆದಾಯ ಬರೆಯಬೇಕು. ಅಪವಾದವೂ ಉಂಟು. ಪರಿಶಿಷ್ಟ ಜಾತಿಯವರಿಗೆ 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮಗಳಲ್ಲಿ ಆದಾಯ ಮಿತಿಯೊಳಗಿನ ಉದ್ಯೋಗಸ್ಥರಿಗೆ ಶುಲ್ಕ ಮರುಪಾವತಿ, ಅಂಚೆ ಶಿಕ್ಷಣದವರಿಗೆ ಪುಸ್ತಕ ಭತ್ಯೆ ಸೇರಿದವು. ಅವಿಭಜಿತ ಆಂಧ್ರದಲ್ಲಿ 2008ರಲ್ಲಿ ವ್ಯಾಪಕವಾಗಿ ಜಾರಿಗೆ ಬಂದ ಶುಲ್ಕ ಮರುಪಾವತಿ ಯೋಜನೆಯಾದರೋ ವಯೋಮಿತಿ ಮತ್ತು ಹಾಜರಿಯ ಷರತ್ತು ಇಟ್ಟು ದಿನವೂ ಕಾಲೇಜಿಗೆ ಹೋಗುವ ತರುಣರಿಗೆ ಸಂದಿತು.

ಕಾರ್ಮಿಕನ ಸ್ವಂತ ಉಳಿತಾಯದ ನಿಯಮಗಳಲ್ಲೂ ಇದೇ ದೃಷ್ಟಿ. ಪ್ರಾವಿಡೆಂಟ್ ಫಂಡ್ ಯೋಜನೆಯ 68-ಕೆ ನಿಯಮ ಏಳು ವರ್ಷ ಸದಸ್ಯನಾಗಿದ್ದವನಿಗೆ ತನ್ನ ಪಾಲಿನ ಅರ್ಧದವರೆಗೆ ಮುಂಗಡ ಪಡೆಯಲು ಅವಕಾಶ ನೀಡಿತ್ತು. ಸ್ವಂತ ಮದುವೆಗೆ, ಒಡಹುಟ್ಟಿದವರ ಮದುವೆಗೆ, ಮಕ್ಕಳ ಮದುವೆಗೆ ಮತ್ತು ಮೆಟ್ರಿಕ್ ನಂತರದ ಅವರ ಓದಿಗೆ ಅದರಲ್ಲಿ ಹಣ ತೆಗೆಯಬಹುದಿತ್ತು. ಸದಸ್ಯನ ಸ್ವಂತ ಓದು ಮಾತ್ರ ಪಟ್ಟಿಯಲ್ಲಿರಲಿಲ್ಲ. ಆದಾಯ ತೆರಿಗೆಯ 80-ಸಿ ವಿಧಿ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಕೊಟ್ಟಿತು, ತಂದೆಯದಕ್ಕಲ್ಲ. ಹಳೆಯ ತೆರಿಗೆ ಪದ್ಧತಿಯ 80-ಇ ವಿಧಿ ಮಾತ್ರ ಸ್ವಂತ ಶಿಕ್ಷಣ ಸಾಲದ ಬಡ್ಡಿಗೂ ಎಂಟು ವರ್ಷದವರೆಗೆ ರಿಯಾಯಿತಿ ನೀಡಿತು. ಸನತ್‌ನಗರದಲ್ಲಿ 2016ರಲ್ಲಿ ಶುರುವಾದ ಇಎಸ್‌ಐ ವೈದ್ಯಕೀಯ ಕಾಲೇಜಿನಲ್ಲೂ ವಿಮೆದಾರ ಕಾರ್ಮಿಕರ ಮಕ್ಕಳಿಗೆ ಸೀಟು ಮೀಸಲು. ತಂದೆಯ ವಂತಿಗೆಯ ಫಲ ಮುಂದಿನ ಪೀಳಿಗೆಗೆ ಸಲ್ಲುವ ಕ್ರಮ ಇದು.

ಈಚಿನ ದಶಕದಲ್ಲಿ ಏರುಪೇರುಗಳಾದವು. 2013ರ ಮೇ 31ರ ನಂತರ ನೋಂದಾಯಿಸಿಕೊಂಡವರಿಗೆ ಎಎಂಐಇಯ ಪದವಿ ಸಮಾನತೆ ನಿಂತಿತು. ಕರ್ನಾಟಕದ ಮುಕ್ತ ವಿಶ್ವವಿದ್ಯಾಲಯ ಕಳೆದುಕೊಂಡಿದ್ದ ಯುಜಿಸಿ ಮಾನ್ಯತೆ 2018ರಲ್ಲಿ ಮರಳಿತು. 2022ರಲ್ಲಿ ಯುಜಿಸಿ, ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನವೆಂದು ಸ್ಪಷ್ಟಪಡಿಸಿತು. 2023-24ರಿಂದ ಎಐಸಿಟಿಇ, ಕೆಲಸದಲ್ಲಿರುವ ಡಿಪ್ಲೊಮಾದವರಿಗೆ ಅನುಕೂಲದ ವೇಳೆಯಲ್ಲಿ ಬಿ.ಟೆಕ್. ನಡೆಸಲು ಕಾಲೇಜುಗಳಿಗೆ ಅನುಮತಿ ಕೊಟ್ಟಿತು.

ಓದಿಗೆ ಮರಳುವ ತಂದೆಗೆ ಅವಕಾಶ ಸಿಕ್ಕಿದ್ದು ಅವನು ಕಾರ್ಮಿಕ, ಉದ್ಯೋಗಸ್ಥ ಅಥವಾ ಹಿಂದುಳಿದ ಸಮುದಾಯದವ ಎಂಬ ಲೆಕ್ಕದಲ್ಲಿ. ತಂದೆ ಎಂಬ ಕಾರಣಕ್ಕೆ ನೆರವಾಗುವ ಪ್ರತ್ಯೇಕ ವ್ಯವಸ್ಥೆ ಈ ಚರಿತ್ರೆಯಲ್ಲಿ ರೂಪುಗೊಳ್ಳಲಿಲ್ಲ. ಅಂಥವರ ಓದಿನ ಖರ್ಚನ್ನು ಬಹುಮಟ್ಟಿಗೆ ಭರಿಸಿದ್ದು ಅವರದೇ ಸಂಬಳ.