ಸ್ವಾಮಿ ಬದಲಾದರೆ ಯುದ್ಧವು ಬದಲಾಗುವುದೆ?

ನಡೆದುಹೋದ ಯುದ್ಧವನ್ನು ಕಲ್ಪನೆಯಲ್ಲಿ ಮತ್ತೊಮ್ಮೆ ನಡೆಸಿ, ಸೋತವನನ್ನು ಗೆಲ್ಲಿಸುವ ಕಥೆಗಳು ಈಚೆಗೆ ಅನೇಕ ಭಾಷೆಗಳಲ್ಲಿ ಹೊರಡುತ್ತಿವೆ. ಕಥೆಗಾರರು ಇವುಗಳಲ್ಲಿ ಹೆಚ್ಚಾಗಿ ಹಿಡಿಯುವ ಉಪಾಯವು ನಾಯಕನ ಬದಲಾವಣೆ. ಅರಸನೊಬ್ಬನು ಸತ್ತ ದಿನ ಸಾಯುವುದಿಲ್ಲ. ಇಲ್ಲವೆ ಅವನ ಗದ್ದುಗೆಯನ್ನು ಬೇರೊಬ್ಬನು ಏರುತ್ತಾನೆ. ಅಷ್ಟರಿಂದಲೇ ಭೂಪಟವು ಬೇರೆಯಾಗುತ್ತದೆ. ಇಂಥ ಕಲ್ಪನೆಯು ಹೊಸದಲ್ಲ. ಅಲೆಗ್ಸಾಂಡರನು ರೋಮಿನ ಮೇಲೆ ದಂಡೆತ್ತಿ ಬಂದಿದ್ದರೆ ಏನಾಗುತ್ತಿತ್ತೆಂದು ಇತಿಹಾಸಕಾರನಾದ ಲಿವಿಯು ಎರಡು ಸಾವಿರ ವರ್ಷಗಳ ಹಿಂದೆಯೇ ವಿಚಾರಿಸಿದನು. ಅಲೆಗ್ಸಾಂಡರನು ಒಬ್ಬನೇ, ರೋಮಿನಲ್ಲಿ ಸೇನಾನಿಗಳು ಅನೇಕರು. ಆದುದರಿಂದ ರೋಮೇ ಗೆಲ್ಲುತ್ತಿತ್ತೆಂಬುದು ಅವನ ನಿರ್ಣಯ.

ಈ ನಿರ್ಣಯದ ಸಾರವು ನಮ್ಮ ದೇಶದ ನೀತಿಶಾಸ್ತ್ರಕ್ಕೂ ಸಮ್ಮತವಾದುದೇ. ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದ್ದಾನೆ. ಸ್ವಾಮಿಯು ಮೊದಲನೆಯ ಅಂಗವೆಂಬುದು ನಿಜ. ಆದರೆ ಅದೊಂದನ್ನು ಬದಲಿಸಿದ ಕಥೆಗಾರನು ಉಳಿದ ಆರಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಒಪ್ಪಿಸಿದರೆ ಕಥೆಯು ಸಂಭಾವ್ಯ. ಇಲ್ಲವಾದರೆ ಅದು ಬರಿಯ ಮನೋರಥ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಸೀಮೆಯವರಿಗೆ ದೂರವಲ್ಲದ ಕೋಲಾರದಲ್ಲಿ ಈ ಮಾತಿಗೆ ಒಂದು ಸಾಕ್ಷಿಯಿದೆ. ಅಲ್ಲಿ ಹೈದರಾಲಿಯ ತಂದೆಯಾದ ಫತೇ ಮಹಮ್ಮದನ ಗೋರಿಯುಂಟು. ಇಂಗ್ಲಿಷರೊಡನೆ ಎರಡನೆಯ ಮೈಸೂರು ಯುದ್ಧವು ನಡೆಯುತ್ತಿರಲು, 1782ನೆಯ ಡಿಸೆಂಬರ್ 7ರಂದು ಹೈದರನು ಬೆನ್ನಿನ ವ್ರಣದಿಂದ ಚಿತ್ತೂರಿನ ಸಮೀಪದ ಪಾಳೆಯದಲ್ಲಿ ತೀರಿಕೊಂಡನು. ಹಿರಿಯ ಮಗನಾದ ಟಿಪ್ಪುವು ಆಗ ಮಲೆಯಾಳದ ಕರಾವಳಿಯಲ್ಲಿದ್ದನು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಮಂತ್ರಿಗಳು ಮರಣವನ್ನು ಮುಚ್ಚಿಟ್ಟು, ದೇಹವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆಯು ಸಾಗುತ್ತಿದೆಯೆಂಬ ನೆವದಿಂದ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ಅದು ಶ್ರೀರಂಗಪಟ್ಟಣದ ಗುಂಬಜಿಗೆ ಸೇರಿದುದು ಆಮೇಲೆ. ದೊರೆಯು ಬದುಕಿರುವಂತೆಯೇ ಪಾಳೆಯದಲ್ಲಿ ಅಪ್ಪಣೆಗಳು ಹೊರಡುತ್ತಿದ್ದುವು. ಅರಸನು ಮರಣಹೊಂದಿದಾಗ ಅಮಾತ್ಯನು ಅದನ್ನು ಗುಪ್ತವಾಗಿಟ್ಟು ರಾಜ್ಯವನ್ನು ಹೇಗೆ ಕಾಪಾಡಬೇಕೆಂದು ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿ ಹೇಳಿದೆ. ಆ ಗ್ರಂಥವನ್ನು ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅಚ್ಚು ಹಾಕಿಸಿದ್ದು 1909ರಲ್ಲಿ. ಪೂರ್ಣಯ್ಯನವರು ಅದಕ್ಕೂ ನೂರಿಪ್ಪತ್ತೇಳು ವರ್ಷಗಳ ಮುಂಚೆಯೇ ಆ ನೀತಿಯನ್ನು ನಡೆಸಿ ತೋರಿಸಿದ್ದರು.

ಇಲ್ಲಿ ಕಥೆಗಾರನಿಗೆ ಎರಡು ದಾರಿಗಳು ತೆರೆದಿವೆ. ಮೊದಲನೆಯದು ಟಿಪ್ಪುವಿನ ತಮ್ಮನಾದ ಅಬ್ದುಲ್ ಕರೀಮನದು. ಅವನನ್ನು ಹೆಸರಿಗೆ ಮಾತ್ರ ದೊರೆಯನ್ನಾಗಿ ಮಾಡಬೇಕೆಂದು ಕುದುರೆಯ ದಳದ ಸರದಾರನಾದ ಮಹಮ್ಮದ್ ಅಮೀನನೂ ಅವನ ಸಂಗಡಿಗರೂ ಒಳಸಂಚು ಹೂಡಿದುದು ನಡೆದ ಸಂಗತಿಯೇ. ಆದುದರಿಂದ ಈ ಕಲ್ಪನೆಗೆ ಬೀಜವುಂಟು. ಆದರೆ ಕೋಶವೂ ಅಪ್ಪಣೆಯ ಅಧಿಕಾರವೂ ಮಂತ್ರಿಗಳ ಕೈಯಲ್ಲಿದ್ದುವು. ಸಂಚುಗಾರರಿಗೆ ಬಂದುದು ಸಂಕೋಲೆ. ಎರಡನೆಯದು ಮದರಾಸಿನವರ ದಾರಿ. ಸುದ್ದಿ ಮುಟ್ಟಿದೊಡನೆ ಮೇಲೆ ಬೀಳಬೇಕೆಂದು ಗವರ್ನರ್ ಮೆಕಾರ್ಟ್ನಿಯು ಒತ್ತಾಯಪಡಿಸಿದರೂ ಸೇನಾಪತಿ ಸ್ಟೂಅರ್ಟನು ಕದಲಲಿಲ್ಲ. ಅವನ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಆ ಅಕ್ಟೋಬರಿನ ಬಿರುಗಾಳಿಯಲ್ಲಿ ಅಕ್ಕಿಯ ಹಡಗುಗಳು ಮುಳುಗಿ ಮದರಾಸಿನಲ್ಲಿ ಕ್ಷಾಮವಿತ್ತೆಂಬುದನ್ನು ಮರೆಯಲಾಗದು. ಸ್ಟೂಅರ್ಟನ ಸ್ಥಾನದಲ್ಲಿ ಎಂಥ ಶೂರನನ್ನು ನಿಲ್ಲಿಸಿದರೂ, ಸೈನಿಕರಿಗೆ ಅನ್ನವನ್ನೂ ಬಂಡಿಗೆ ಎತ್ತುಗಳನ್ನೂ ಕಥೆಗಾರನೇ ಒದಗಿಸಬೇಕಾಗುತ್ತದೆ.

ಹಾಗಾದರೆ ನಾಯಕನ ಮರಣದಿಂದ ಏನೂ ಆಗುವುದಿಲ್ಲವೆನ್ನಬಹುದೆ? ಅದೂ ಸರಿಯಲ್ಲ. ಬಿದನೂರನ್ನು ಆಳುತ್ತಿದ್ದ ಅಯಾಜನು ಹೈದರನ ಪ್ರೀತಿಗೆ ಪಾತ್ರನಾಗಿದ್ದವನು, ಟಿಪ್ಪುವಿಗೆ ಆಗದವನು. ಹೈದರನು ಸತ್ತ ಮೇಲೆ ತನಗೆ ಉಳಿಗಾಲವಿಲ್ಲವೆಂದು ಬಗೆದು, 1783ನೆಯ ಜನವರಿಯಲ್ಲಿ ಬಿದನೂರನ್ನು ಜನರಲ್ ಮ್ಯಾಥ್ಯೂಸನಿಗೆ ಒಪ್ಪಿಸಿಬಿಟ್ಟನು. ಅದನ್ನು ಹಿಂದಕ್ಕೆ ಪಡೆಯಲು ಟಿಪ್ಪುವು ಕರ್ಣಾಟಕದ ರಣರಂಗವನ್ನು ಬಿಟ್ಟು ಪಶ್ಚಿಮಕ್ಕೆ ಧಾವಿಸಬೇಕಾಯಿತು. ಪಾಳೆಯದಲ್ಲಿ ಕಾಣದ ಬದಲಾವಣೆಯು ಮಲೆನಾಡಿನ ಕೋಟೆಯಲ್ಲಿ, ಒಬ್ಬ ಅಧಿಕಾರಿಯ ಭಯದ ರೂಪದಲ್ಲಿ ಕಾಣಿಸಿಕೊಂಡಿತು. ರಷ್ಯಾದ ರಾಣಿ ಎಲಿಜಬೆತ್ತಳು 1762ರಲ್ಲಿ ತೀರಿಕೊಂಡಾಗ, ಪ್ರಷ್ಯದ ಫ್ರೆಡರಿಕನು ಸೋಲಿನ ಬಾಯಿಂದ ಪಾರಾದುದೂ ಇಂಥ ಕಾರಣದಿಂದಲೇ. ಅವಳ ಉತ್ತರಾಧಿಕಾರಿಯಾದ ಮೂರನೆಯ ಪೀಟರನು ಮೊದಲಿನಿಂದಲೂ ಫ್ರೆಡರಿಕನ ಭಕ್ತನಾಗಿದ್ದನು. ಸತ್ತವನು ಯಾರೆಂಬುದಕ್ಕಿಂತ, ಬಂದವನನ್ನು ಕಂಡರೆ ಯಾರಿಗೆ ಭಯ, ಯಾರಿಗೆ ಭರವಸೆ ಎಂಬುದೇ ಇಂಥಲ್ಲಿ ಮುಖ್ಯ. 1565ರಲ್ಲಿ ತಾಳಿಕೋಟೆಯ ಯುದ್ಧದಲ್ಲಿ ರಾಮರಾಯನ ತಲೆಯನ್ನು ಭಲ್ಲೆಯ ತುದಿಯಲ್ಲಿ ಎತ್ತಿ ತೋರಿಸಿದರು. ಸೇನೆ ಚದರಿತು, ತಿರುಮಲನು ಪೆನುಗೊಂಡೆಯನ್ನು ಸೇರಿದನು. ಅಲ್ಲಿ ಮರಣವನ್ನು ಮರೆಮಾಡಲು ಅಮಾತ್ಯರಿಗೆ ಒಂದು ಗಳಿಗೆಯ ಅವಕಾಶವೂ ಇರಲಿಲ್ಲ.

ಹೈದರನು ಇನ್ನು ಹತ್ತು ವರ್ಷ ಬದುಕಿದ್ದರೆ ಇಂಗ್ಲಿಷರು ಈ ದೇಶದಲ್ಲಿ ನಿಲ್ಲುತ್ತಿರಲಿಲ್ಲವೆಂದು ನಿಟ್ಟುಸಿರಿಡುವವರು ಈಗಲೂ ಇದ್ದಾರೆ. ನೆಲದ ಮೇಲೆ ಅವರನ್ನು ನಾಶಮಾಡಬಹುದು, ಆದರೆ ಸಮುದ್ರವನ್ನು ಬತ್ತಿಸಲು ತನ್ನಿಂದಾಗದೆಂಬ ಅರ್ಥದ ಮಾತನ್ನು ಹೈದರನೇ ಪೂರ್ಣಯ್ಯನವರಿಗೆ ಹೇಳಿದನೆಂದು ವಿಲ್ಕ್ಸನು ಬರೆದಿದ್ದಾನೆ. ಮಿತ್ರಾಂಗದ ಸ್ಥಿತಿಯೂ ಅಷ್ಟೆ. 1783ರಲ್ಲಿ ಯೂರೋಪಿನಲ್ಲಿ ಸಂಧಿಯಾಯಿತೆಂಬ ಸುದ್ದಿ ಬಂದೊಡನೆ, ಮಂಗಳೂರಿನ ಮುತ್ತಿಗೆಯಲ್ಲಿದ್ದ ಫ್ರೆಂಚರು ಟಿಪ್ಪುವನ್ನು ಬಿಟ್ಟು ಹಿಂದೆಗೆದರು. ಹೈದರನಿದ್ದರೂ ಆ ಸಂಧಿಯು ನಿಲ್ಲುತ್ತಿರಲಿಲ್ಲ.

1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಜೂನ್ 30ರಂದು ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ದಿವಾನಗಿರಿಗೆ ಬಂದವರು ಹೈದರನ ದೇಹವನ್ನು ಗುಟ್ಟಾಗಿ ಕೋಲಾರಕ್ಕೆ ಕಳುಹಿಸಿದ ಆ ಪೂರ್ಣಯ್ಯನವರೇ. 1811ರವರೆಗೆ ಅವರು ಆ ಕೆಲಸವನ್ನು ನಡೆಸಿದರು. ಸ್ವಾಮಿಗಳು ಮೂವರು, ಅಮಾತ್ಯನು ಒಬ್ಬನೇ. ಗದ್ದುಗೆಯ ಮೇಲಿನ ಹೆಸರನ್ನು ಅಳಿಸಿ ಬೇರೆಯದನ್ನು ಬರೆಯಲು ಕಥೆಗಾರನಿಗೆ ಒಂದು ನಿಮಿಷ ಸಾಕು. ಆ ಹೆಸರಿನಲ್ಲಿ ಹೊರಡುವ ಅಪ್ಪಣೆಯನ್ನು ಬರೆಯುವವರಾರು, ಅದನ್ನು ಪಾಲಿಸುವವರಾರು, ಅವರಿಗೆ ಅನ್ನವನ್ನಿಕ್ಕುವವರಾರು ಎಂಬುದನ್ನು ಹೇಳಿದವನ ಕಥೆಯನ್ನು ಮಾತ್ರ ವಿವೇಕಿಗಳಾದ ವಾಚಕರು ನಂಬುವರು.