ಗ್ವಾನಿಲಿಲ್ ಸೈಕ್ಲೇಸ್ ಸಿ

ಕರುಳಿನ ಒಳಪದರದ ಜೀವಕೋಶಗಳ ಮೇಲ್ಮೈಯಲ್ಲಿದ್ದು, ಹೊರಗಿನ ಸಂದೇಶವನ್ನು ಒಳಕ್ಕೆ ದಾಟಿಸುವ ಕಿಣ್ವ. ಕರುಳಿನಲ್ಲಿ ಉಪ್ಪು-ನೀರಿನ ಹದ ಕಾಯುವುದು ಇದರ ಮುಖ್ಯ ಕೆಲಸ.

ಇದರ ಪರಿಚಯ ಆದದ್ದೇ ರೋಗದ ಮೂಲಕ. ಇ. ಕೋಲೈ ಬ್ಯಾಕ್ಟೀರಿಯಾದ ಕೆಲವು ತಳಿಗಳು ಬಿಸಿಗೂ ಕೆಡದ ಪುಟ್ಟ ವಿಷವೊಂದನ್ನು ಸ್ರವಿಸುತ್ತವೆ. (ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ; ಆದ್ದರಿಂದ ನೀರು ಕುದಿಸಿ ಕುಡಿಯುವುದೇ ಸರಿ.) ಆ ವಿಷ ಕರುಳಿನ ಈ ಬಗೆಯ ಕಿಣ್ವವನ್ನು ಕೆರಳಿಸುತ್ತದೆಂದು 1978ರಲ್ಲಿ ತಿಳಿಯಿತು. 1990ರಲ್ಲಿ ಕಿಣ್ವದ ಜೀನ್ ಕೈಗೆ ಸಿಕ್ಕಿತು. ರೋಗಾಣುವಿನ ವಿಷಕ್ಕೆ ಓಗೊಡುವ ಕಿಣ್ವ ನಮ್ಮಲ್ಲೇಕಿದೆ? 1992ರಲ್ಲಿ ಉತ್ತರ ದೊರಕಿತು: ಕರುಳೇ ತಯಾರಿಸುವ ಗ್ವಾನಿಲಿನ್ ಎಂಬ ಹಾರ್ಮೋನಿಗಾಗಿ. ವಿಷದ ರಚನೆ ಅದನ್ನೇ ಹೋಲುತ್ತದೆ, ಹಿಡಿತ ಮಾತ್ರ ಇನ್ನೂ ಬಿಗಿ.

ಕೆರಳಿದ ಕಿಣ್ವ ಕೋಶದೊಳಗೆ ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕ ಅಣುವನ್ನು ಹೆಚ್ಚಿಸುತ್ತದೆ. ಆಗ ಕ್ಲೋರೈಡ್ ಕರುಳಿಗೆ ಸುರಿಯುತ್ತದೆ, ಸೋಡಿಯಂ ಹೀರಿಕೆ ಕುಗ್ಗುತ್ತದೆ, ಹಿಂದೆಯೇ ನೀರೂ ಹೊರಬಿದ್ದು ಭೇದಿಯಾಗುತ್ತದೆ. ಆದರೂ ಗ್ಲೂಕೋಸಿನ ಜೊತೆ ಸೋಡಿಯಂ ಒಳಸೇರುವ ಬೇರೊಂದು ದಾರಿ ತೆರೆದೇ ಇರುತ್ತದೆ. ಭೇದಿಗೆ ನೀರಿನಲ್ಲಿ ಕರಗಿಸಿ ಕುಡಿಸುವ ಪುಡಿಯಾದ ಓಆರ್‌ಎಸ್ ಕೆಲಸ ಮಾಡುವುದು ಆ ದಾರಿಯಲ್ಲಿ: ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ನೆರೆಯ ಕಾಲಕ್ಕೆ ಇದು ಬೇಕೇ ಬೇಕು. 2019ರ ಆಗಸ್ಟ್‌ನಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕಕ್ಕೆ ನೆರೆ ನುಗ್ಗಿತ್ತು. ಹುಕ್ಕೇರಿ, ಗೋಕಾಕ, ಮೂಡಲಗಿಯ ಹೊಳೆಸಾಲಿನ ಊರುಗಳಲ್ಲಿ ಘಟಪ್ರಭೆ ಹಾಗೆ ಉಕ್ಕಿದಾಗ ಕುಡಿಯುವ ನೀರು ಕೆಡುವ ಭಯವಿರುತ್ತದೆ. ವಾಂತಿಭೇದಿ ಕಾಣಿಸಿಕೊಂಡ ಮನೆಗೆ ಮೊದಲು ತಲುಪಬೇಕಾದದ್ದು ಈ ಪುಡಿಯ ಪೊಟ್ಟಣವೇ. ಕಿಣ್ವದ ಹೆಸರು ತಿಳಿಯುವುದಕ್ಕೂ ಮೊದಲೇ, 1971ರಲ್ಲಿ, ವೈದ್ಯ ದಿಲೀಪ್ ಮಹಲನಬೀಸ್ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗಿಗಳಿಗೆ ಇಂಥ ದ್ರಾವಣವನ್ನೇ ಕುಡಿಸಿ ಬದುಕಿಸಿದ್ದರು. ಕಾಲರಾದ ವಿಷ ಕೆರಳಿಸುವುದು ಬೇರೆ ಕಿಣ್ವವನ್ನು, ಪರಿಣಾಮ ಮಾತ್ರ ಒಂದೇ ಬಗೆಯದು.

ಕರ್ನಾಟಕದಲ್ಲಿ ಈ ಕಿಣ್ವವನ್ನು ದಶಕಗಳ ಕಾಲ ಬೆಂಬಿಡದೆ ಅಭ್ಯಸಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಧ್ಯಾ ವಿಶ್ವೇಶ್ವರಯ್ಯ. ನಾರ್ವೆಯ ಒಂದೇ ಕುಟುಂಬದ 32 ಮಂದಿಗೆ ಎಳವೆಯಿಂದಲೂ ಭೇದಿ ಕಾಡುತ್ತಿತ್ತು. ಯಾವ ಸೋಂಕೂ ಇಲ್ಲದೆ, ಜೀನಿನ ಒಂದೇ ಅಕ್ಷರ ಬದಲಾಗಿ ಕಿಣ್ವ ಅತಿಯಾಗಿ ಸ್ಪಂದಿಸುತ್ತಿರುವುದೇ ಕಾರಣವೆಂದು 2012ರಲ್ಲಿ ತೋರಿಸಿದ ಅಧ್ಯಯನದಲ್ಲಿ ಅವರ ತಂಡವೂ ಪಾಲುದಾರ. ಅದೇ ವರ್ಷ ಇದಕ್ಕೆ ವಿರುದ್ಧವಾದ ಸ್ಥಿತಿಯೂ ವರದಿಯಾಯಿತು. ಬೆಡೂಯಿನ್ ಎಂಬ ಅರಬ್ ಸಮುದಾಯದ ಕುಟುಂಬಗಳ ಶಿಶುಗಳಲ್ಲಿ ಕಿಣ್ವ ನಿಷ್ಕ್ರಿಯವಾಗಿದ್ದು, ಮೊದಲ ಮಲವೇ ಗಟ್ಟಿಯಾಗಿ ಕರುಳು ಕಟ್ಟಿಕೊಳ್ಳುತ್ತಿತ್ತು.

ಇದೇ ಕಿಣ್ವವನ್ನು ಕೆರಳಿಸಲು ಇ. ಕೋಲೈ ವಿಷದ ಮಾದರಿಯಲ್ಲೇ ರೂಪಿಸಿದ ಲಿನಾಕ್ಲೋಟೈಡ್ ಗುಳಿಗೆ ದೀರ್ಘಕಾಲದ ಮಲಬದ್ಧತೆಗೆ ಔಷಧಿಯಾಗಿ 2012ರಲ್ಲೇ ಅಮೆರಿಕದಲ್ಲಿ ಅನುಮತಿ ಪಡೆಯಿತು.